ಮನೆಗಳಿಗೆ ಅಂಕೆಯಿಡುವ ವಿದ್ಯೆ

ಪ್ರಸ್ತುತ ಸ್ಮರಣ ಸಂಪುಟಕ್ಕೆ ಗಣಿತ ಶಿಕ್ಷಣವನ್ನು ಕುರಿತು ಒಂದು ಲೇಖನವನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಲಿಯವರು ಅಪೇಕ್ಷಿಸಿದಾಗ, ಶಿಕ್ಷಣದ ಮಹಾತತ್ತ್ವಗಳನ್ನು ವಿವರಿಸುವುದಕ್ಕಿಂತ ನಮ್ಮ ಶಾಲೆಯಲ್ಲಿಯೇ ನಡೆದ ಒಂದು ಸಣ್ಣ ಪ್ರಸಂಗದಿಂದ ಆರಂಭಿಸುವುದು ಲೇಸೆಂದು ನನಗೆ ತೋರಿತು. ಪ್ರಸಂಗವು ಚಿಕ್ಕದು. ಆದರೆ ಅದು ಎತ್ತುವ ಪ್ರಶ್ನೆಯು ಶಿಕ್ಷಕರಾದ ನಮ್ಮೆಲ್ಲರಿಗೂ, ಈ ಸಂಸ್ಥೆಗೆ ಉದಾರವಾಗಿ ನೆರವಾಗುತ್ತಿರುವ ದಾನಿಗಳಿಗೂ ಸಂಬಂಧಿಸಿದ್ದು.

ಸೇವೆಯಿಂದ ನಿವೃತ್ತನಾದ ಮೇಲೆಯೂ ವಾರಕ್ಕೊಮ್ಮೆ ಶಾಲೆಗೆ ಬಂದು ಮಕ್ಕಳೊಡನೆ ಒಂದೆರಡು ಗಂಟೆ ಕಳೆಯುವುದು ನನ್ನ ರೂಢಿ. ಹೀಗೆ ಒಂದು ದಿನ ಕಂಪ್ಯೂಟರ್ ಕೊಠಡಿಗೆ ಹೋದಾಗ ಒಂಬತ್ತನೆಯ ತರಗತಿಯ ಬಾಲಕನೊಬ್ಬನು ತಾನು ಬರೆದ ಪ್ರೋಗ್ರಾಮನ್ನು ಹೆಮ್ಮೆಯಿಂದ ತೋರಿಸಿದನು. ಪರದೆಯ ಮೇಲೆ 4 ಅಡ್ಡಸಾಲು, 4 ಕಂಬಸಾಲುಗಳಲ್ಲಿ 16 ಗುಂಡಿಗಳು ಮೂಡಿದ್ದವು. ಎಡಮೇಲಿನ ಮೂಲೆಯಿಂದ ಆರಂಭವಾಗಿ ಅವುಗಳ ಮೇಲೆ 1ರಿಂದ 16ರವರೆಗೆ ಅಂಕೆಗಳು ಒಪ್ಪವಾಗಿ ಕುಳಿತಿದ್ದವು. ‘ಬಹಳ ಚೆನ್ನಾಗಿದೆಯಪ್ಪ. ಈಗ 4 ಅಡ್ಡಸಾಲು ಹಾಗೆಯೇ ಇರಲಿ, ಪ್ರತಿ ಸಾಲಿನಲ್ಲಿ 6 ಗುಂಡಿಗಳಿರುವಂತೆ ಮಾಡು ನೋಡೋಣ’ ಎಂದೆ. ಅವನು ಒಳಗಿನ ಲೂಪಿನಲ್ಲಿದ್ದ 4ನ್ನು ಅಳಿಸಿ 6 ಎಂದು ಬರೆದನು. ಪರದೆಯ ಮೇಲೆ 24 ಗುಂಡಿಗಳು ಬಂದವು. ಆದರೆ ಮೊದಲ ಸಾಲಿನಲ್ಲಿ 1ರಿಂದ 6, ಎರಡನೆಯದರಲ್ಲಿ 5ರಿಂದ 10, ಮೂರನೆಯದರಲ್ಲಿ 9ರಿಂದ 14, ಕೊನೆಯದರಲ್ಲಿ 13ರಿಂದ 18! ಇಪ್ಪತ್ತನಾಲ್ಕು ಗುಂಡಿಗಳಿಗೆ ಹದಿನೆಂಟೇ ಅಂಕೆಗಳು. ಆರು ಅಂಕೆಗಳು ಎರಡೆರಡು ಸಲ ಬಂದಿದ್ದವು. ಹುಡುಗನು ಕ್ಷಣಕಾಲ ದಿಗ್ಭ್ರಾಂತನಾಗಿ, ‘ಸರ್, ಕಂಪ್ಯೂಟರ್ ಲೆಕ್ಕ ತಪ್ಪುತ್ತಿದೆ’ ಎಂದನು.

ಕಂಪ್ಯೂಟರ್ ಲೆಕ್ಕ ತಪ್ಪಿರಲಿಲ್ಲ. ಹೇಳಿದ್ದನ್ನು ಹೇಳಿದಂತೆ ಮಾಡಿತ್ತು. ‘ಸಾಲಿನ ಸಂಖ್ಯೆಯನ್ನು 4ರಿಂದ ಗುಣಿಸಿ, ಕಂಬದ ಸಂಖ್ಯೆಯನ್ನೂ 1ನ್ನೂ ಕೂಡಿಸು’ ಎಂಬ ಸೂತ್ರವನ್ನು ಬಾಲಕನು ಕಂಠಪಾಠ ಮಾಡಿದ್ದನು. ಆ 4 ಎಲ್ಲಿಂದ ಬಂದಿತೆಂದು ಅವನಿಗೆ ತಿಳಿದಿರಲಿಲ್ಲ. ಅದು ಒಟ್ಟು ಅಡ್ಡಸಾಲುಗಳ ಸಂಖ್ಯೆಯೋ, ಒಂದು ಸಾಲಿನಲ್ಲಿರುವ ಮನೆಗಳ ಸಂಖ್ಯೆಯೋ? ನಾಲ್ಕಕ್ಕೆ ನಾಲ್ಕರ ಚೌಕದಲ್ಲಿ ಇವೆರಡೂ ಒಂದೇ ಆಗಿರುವುದರಿಂದ ಅವನ ಅಜ್ಞಾನವು ಅಲ್ಲಿ ಹೊರಬೀಳಲು ಅವಕಾಶವೇ ಇರಲಿಲ್ಲ. ವಿಚಾರಿಸಿ ನೋಡಿದಾಗ, ಅಭ್ಯಾಸಕ್ಕೆಂದು ಮಕ್ಕಳಿಗೆ ಕೊಡಲಾಗಿದ್ದ ಉದಾಹರಣೆಗಳೆಲ್ಲವೂ ಸಮಚೌಕಗಳೇ ಎಂಬುದು ತಿಳಿಯಿತು. ಆದುದರಿಂದ ಈ ತಪ್ಪು ಬಾಲಕನದಲ್ಲ. ತಪ್ಪನ್ನು ಅಡಗಿಸುವ ಉದಾಹರಣೆಗಳನ್ನೇ ಆರಿಸಿಕೊಟ್ಟ ಶಿಕ್ಷಕರಾದ ನಮ್ಮದು. ನಾನೂ ಅನೇಕ ವರ್ಷ ಅಂಥ ಉದಾಹರಣೆಗಳನ್ನೇ ಕೊಟ್ಟವನಾದ್ದರಿಂದ ಈ ಮಾತನ್ನು ಯಾರನ್ನೂ ದೂಷಿಸಲು ಹೇಳುತ್ತಿಲ್ಲ.

ಕಂಪ್ಯೂಟರಿನ ಪರಿಚಯವಿಲ್ಲದ ಓದುಗರಿಗಾಗಿ ಲೂಪ್ ಎಂದರೇನೆಂಬುದನ್ನು ಇಲ್ಲಿ ಎರಡು ಮಾತಿನಲ್ಲಿ ಹೇಳುವುದು ಅವಶ್ಯ. ಒಂದೇ ಕೆಲಸವನ್ನು ಗೊತ್ತಾದಷ್ಟು ಸಲ ಮಾಡೆಂದು ಯಂತ್ರಕ್ಕೆ ಕೊಡುವ ಆಜ್ಞೆಯೇ ಲೂಪ್. ಅಂಥ ಒಂದು ಸುತ್ತಿನ ಒಳಗೆ ಇನ್ನೊಂದು ಸುತ್ತನ್ನು ಇಟ್ಟರೆ ಅದು ನೆಸ್ಟೆಡ್ ಲೂಪ್, ಅಂದರೆ ಸುತ್ತಿನೊಳಗಣ ಸುತ್ತು. ಹೆಸರು ಹೊಸದು; ವಸ್ತುವು ನಮಗೆ ಚಿರಪರಿಚಿತವಾದುದು. ನಾವೆಲ್ಲರೂ ಬಾಲ್ಯದಲ್ಲಿ ಒಪ್ಪಿಸಿದ ಮಗ್ಗಿಯೇ ಅದಕ್ಕೆ ಸಾಕ್ಷಿ. ಎರಡರ ಮಗ್ಗಿಯನ್ನು ಹಿಡಿದು ಒಂದರಿಂದ ಹತ್ತರವರೆಗೆ ಹೋಗುತ್ತೇವೆ. ಅದು ಮುಗಿದ ಬಳಿಕವೇ ಮೂರರ ಮಗ್ಗಿಗೆ ಕಾಲಿಡುತ್ತೇವೆ. ಮತ್ತೆ ಒಂದರಿಂದ ಹತ್ತು. ಹೊರಗಿನ ಸುತ್ತು ಒಂದು ಹೆಜ್ಜೆಯಿಡುವಷ್ಟರಲ್ಲಿ ಒಳಗಿನ ಸುತ್ತು ಪೂರ್ಣವಾಗಿ ತಿರುಗಿರುತ್ತದೆ. ಶಾಲೆಯ ಪ್ರಸಾದನಿಲಯದ ಪಂಕ್ತಿಯಲ್ಲಿ ಬಡಿಸುವ ವಿದ್ಯಾರ್ಥಿಯು ಮಾಡುವುದೂ ಇದನ್ನೇ. ಒಂದು ಸಾಲಿನ ಎಲ್ಲ ತಟ್ಟೆಗಳಿಗೂ ಬಡಿಸಿ ಮುಗಿಸಿದ ಅನಂತರವೇ ಅವನು ಮುಂದಿನ ಸಾಲಿಗೆ ತೆರಳುವನು.

ಪಂಕ್ತಿಯ ಉದಾಹರಣೆಯನ್ನು ಇನ್ನೂ ಸ್ವಲ್ಪ ಮುಂದುವರಿಸೋಣ. ಕುಳಿತವರಿಗೆಲ್ಲ ಕ್ರಮಸಂಖ್ಯೆಯ ಚೀಟಿಗಳನ್ನು ಹಂಚಬೇಕಾಗಿದೆಯೆಂದು ಭಾವಿಸಿರಿ. ಹಂಚುವವನು ಎಣಿಕೆಯನ್ನು ಮೊದಲ ಸಾಲಿಗೆ ಬರುವ ಮುನ್ನ ಒಂದು ಸಲ ಮಾತ್ರ ಆರಂಭಿಸಿ ಮುಂದುವರಿಸಿದರೆ ಕೊನೆಯವನಿಗೆ ಕೊನೆಯ ಸಂಖ್ಯೆ ದೊರೆಯುತ್ತದೆ. ಪ್ರತಿ ಸಾಲಿನ ತುದಿಯಲ್ಲಿಯೂ ಹೊಸದಾಗಿ ‘ಒಂದು’ ಎಂದು ಎಣಿಸತೊಡಗಿದರೆ ಪ್ರತಿ ಸಾಲಿನಲ್ಲಿಯೂ ಒಬ್ಬೊಬ್ಬ ಒಂದನೆಯವನು ಹುಟ್ಟಿಕೊಳ್ಳುತ್ತಾನೆ. ಪ್ರೋಗ್ರಾಮಿನಲ್ಲಿ ಎಣಿಕೆಯನ್ನು ಆರಂಭಿಸುವ ಸಾಲನ್ನು ಹೊರಸುತ್ತಿನ ಹೊರಗೆ ಬರೆಯುವುದಕ್ಕೂ ಒಳಗೆ ಬರೆಯುವುದಕ್ಕೂ ಇರುವ ಅಂತರ ಇಷ್ಟೇ. ಇದನ್ನು ಪಂಕ್ತಿಯಲ್ಲಿ ಕಣ್ಣಾರೆ ಕಂಡ ಹುಡುಗನಿಗೆ ನಿಯಮವನ್ನು ಬಾಯಿಪಾಠ ಮಾಡಿಸುವ ಅಗತ್ಯವಿರದು.

ಅಂಕೆಯಿಡಲು ಎರಡನೆಯ ಮಾರ್ಗವೊಂದುಂಟು. ಎಣಿಸುತ್ತ ಹೋಗುವ ಬದಲು ಮನೆಯ ಸ್ಥಾನದಿಂದಲೇ ಅದರ ಅಂಕೆಯನ್ನು ತಿಳಿಯುವುದು. ಮುಗಿದ ಸಾಲುಗಳ ಸಂಖ್ಯೆಯನ್ನು ಒಂದು ಸಾಲಿನಲ್ಲಿರುವ ಮನೆಗಳ ಸಂಖ್ಯೆಯಿಂದ ಗುಣಿಸಿ, ಈ ಸಾಲಿನಲ್ಲಿ ದಾಟಿಬಂದ ಮನೆಗಳನ್ನು ಕೂಡಿಸಿದರೆ ಹಿಂದೆ ಬಿಟ್ಟುಬಂದ ಮನೆಗಳ ಒಟ್ಟು ಲೆಕ್ಕ ಸಿಗುತ್ತದೆ. ಅದಕ್ಕೆ 1ನ್ನು ಸೇರಿಸಿದರೆ ನಿಂತಿರುವ ಮನೆಯ ಅಂಕೆ. ‘ಮುಗಿದ’, ‘ದಾಟಿಬಂದ’ ಎಂಬ ಮಾತುಗಳನ್ನು ವಾಚಕರು ಗಮನಿಸಬೇಕು. ಮೊದಲ ಸಾಲಿನಲ್ಲಿರುವಾಗ ಮುಗಿದ ಸಾಲುಗಳು ಸೊನ್ನೆ. ಕಂಪ್ಯೂಟರಿನ ಅನೇಕ ಭಾಷೆಗಳಲ್ಲಿ ಎಣಿಕೆಯು ಸೊನ್ನೆಯಿಂದ ಆರಂಭವಾಗುವುದೇಕೆಂದು ಮಕ್ಕಳು ಕೇಳಿದಾಗ ‘ಅದು ಹಾಗೆಯೇ’ ಎಂದು ಉತ್ತರಿಸುವುದು ಸರಿಯಲ್ಲ. ಹುಟ್ಟಿದ ಮಗುವು ತನ್ನ ಮೊದಲನೆಯ ವರ್ಷದಲ್ಲಿರುವಾಗ ಅದಕ್ಕೆ ತುಂಬಿದ ವರ್ಷಗಳು ಸೊನ್ನೆ. ಮನೆಯ ಮಾಳಿಗೆಯನ್ನು ಮೊದಲನೆಯ ಅಂತಸ್ತೆಂದು ಕರೆಯುವಾಗ ನೆಲದ ಅಂತಸ್ತನ್ನು ನಾವು ಸೊನ್ನೆಯೆಂದೇ ಎಣಿಸಿರುತ್ತೇವೆ. ಸೊನ್ನೆಯಿಂದ ಎಣಿಸುವುದೆಂದರೆ ಹಿಂದೆ ಬಿಟ್ಟು ಬಂದುದನ್ನು ಎಣಿಸುವುದು.

ಈ ವಿಷಯದಲ್ಲಿ ಬಲ್ಲವರೂ ಏಕಾಭಿಪ್ರಾಯದವರಾಗಿರಲಿಲ್ಲ. 1957ರಲ್ಲಿ ಐಬಿಎಂ ಸಂಸ್ಥೆಯ ಜಾನ್ ಬ್ಯಾಕಸ್ ಮತ್ತು ಅವರ ಸಂಗಡಿಗರು ಹೊರತಂದ ಫೋರ್ಟ್ರಾನ್ ಭಾಷೆಯಲ್ಲಿ ಕೋಷ್ಟಕದ ಮನೆಗಳ ಎಣಿಕೆಯು ಒಂದರಿಂದ ಆರಂಭವಾಗುತ್ತಿತ್ತು. 1970ರ ದಶಕದ ಆರಂಭದಲ್ಲಿ ಬೆಲ್ ಪ್ರಯೋಗಾಲಯದ ಡೆನಿಸ್ ರಿಚಿಯವರು ರೂಪಿಸಿದ ಸಿ ಭಾಷೆಯಲ್ಲಿ ಅದು ಸೊನ್ನೆಯಿಂದ ಆರಂಭವಾಗುತ್ತದೆ. ಕೋಷ್ಟಕವನ್ನು ಯಂತ್ರದ ನೆನಪಿನಲ್ಲಿ ಜೋಡಿಸಿಡುವ ಬಗೆಯಲ್ಲಿಯೂ ಇವೆರಡು ಭಾಷೆಗಳು ಬೇರೆ ಬೇರೆ. ಫೋರ್ಟ್ರಾನ್ ಕಂಬಸಾಲನ್ನು ಹಿಡಿದು ಹೋದರೆ ಸಿ ಭಾಷೆಯು ಅಡ್ಡಸಾಲನ್ನು ಹಿಡಿದು ಹೋಗುತ್ತದೆ. ನೆದರ್ಲೆಂಡಿನ ಎಡ್ಸ್‌ಗರ್ ಡೈಕ್‌ಸ್ಟ್ರಾ ಎಂಬ ಪ್ರಸಿದ್ಧ ಗಣಕ ವಿಜ್ಞಾನಿಯು 1982ರಲ್ಲಿ ಈ ಪ್ರಶ್ನೆಯೊಂದಕ್ಕಾಗಿಯೇ ಒಂದು ಚಿಕ್ಕ ಪ್ರಬಂಧವನ್ನು ಬರೆದು, ಎಣಿಕೆಯು ಸೊನ್ನೆಯಿಂದಲೇ ಆರಂಭವಾಗಬೇಕೆಂದು ವಾದಿಸಿದನು. ಆರಂಭದ ಸಂಖ್ಯೆಯನ್ನು ಒಳಗೊಂಡು ಅಂತ್ಯದ ಸಂಖ್ಯೆಯನ್ನು ಹೊರಗಿಟ್ಟರೆ ಅವೆರಡರ ವ್ಯತ್ಯಾಸವೇ ಒಟ್ಟು ವಸ್ತುಗಳ ಸಂಖ್ಯೆಯಾಗುತ್ತದೆ ಎಂಬುದು ಅವನ ವಾದದ ಒಂದು ಮುಖ್ಯ ಅಂಶ. ಅಂಥ ಮೇಧಾವಿಯು ಎಲ್ಲಿಂದ ಎಣಿಸಬೇಕೆಂಬುದನ್ನು ಚಿಂತನೆಗೆ ಯೋಗ್ಯವಾದ ಪ್ರಶ್ನೆಯೆಂದು ತಿಳಿದಿದ್ದಾಗ, ನಾವು ಅದನ್ನು ಒಂದು ನಿಮಿಷದಲ್ಲಿ ಮುಗಿಸಿಬಿಡುವುದು ಯುಕ್ತವೇ?

ನನ್ನ ಅಭಿಪ್ರಾಯದ ತಿರುಳು ಇಲ್ಲಿದೆ. ಮನೆಗಳಿಗೆ ಅಂಕೆಯಿಡುವುದು ಯಂತ್ರದ ಕೆಲಸವಾಗುವ ಮೊದಲು ಮನುಷ್ಯನ ನಿರ್ಧಾರವಾಗಿರುತ್ತದೆ. ಯಾವ ಮೂಲೆಯಿಂದ ಹೊರಡಬೇಕು, ಯಾವ ದಿಕ್ಕಿಗೆ ನಡೆಯಬೇಕು, ಸಾಲಿನ ಕೊನೆಯಲ್ಲಿ ಏನು ಮಾಡಬೇಕು, ಯಾವ ಅಂಕೆಯಿಂದ ಆರಂಭಿಸಬೇಕು ಎಂಬ ನಾಲ್ಕು ಪ್ರಶ್ನೆಗಳಿಗೆ ನಾವು ಉತ್ತರ ಕೊಟ್ಟ ಮೇಲೆ ಯಂತ್ರವು ನಡೆಯುತ್ತದೆ. ಎರಡು ಸುತ್ತುಗಳ ಪ್ರೋಗ್ರಾಮನ್ನು ನೇರವಾಗಿ ಮಕ್ಕಳ ಕೈಗಿತ್ತರೆ ಉತ್ತರಗಳು ಮಾತ್ರ ಅವರಿಗೆ ದೊರೆಯುತ್ತವೆ. ಪ್ರಶ್ನೆಗಳು ಮರೆಯಾಗಿ ಹೋಗುತ್ತವೆ.

ಈ ನಿರ್ಧಾರಗಳು ಎಷ್ಟು ಭಿನ್ನವಾಗಿರಬಲ್ಲವೆಂಬುದಕ್ಕೆ ಪ್ರತಿಯೊಬ್ಬರ ಕೈಯಲ್ಲಿಯೂ ನಿದರ್ಶನವಿದೆ. ದೂರವಾಣಿಯ ಅಂಕೆಗಳ ಫಲಕದಲ್ಲಿ 1, 2, 3 ಮೇಲಿನ ಸಾಲಿನಲ್ಲಿರುತ್ತವೆ. ಲೆಕ್ಕ ಮಾಡುವ ಕ್ಯಾಲ್ಕ್ಯುಲೇಟರಿನಲ್ಲಿ 7, 8, 9 ಮೇಲಿರುತ್ತವೆ. ಬೆಲ್ ಪ್ರಯೋಗಾಲಯದವರು ಗುಂಡಿಗಳ ಹಲವು ಬಗೆಯ ಜೋಡಣೆಗಳನ್ನು ಜನರಿಂದ ಒತ್ತಿಸಿ ಪರೀಕ್ಷಿಸಿ, ಅದರ ಫಲಿತಾಂಶವನ್ನು 1960ರಲ್ಲಿ ಪ್ರಕಟಿಸಿದರು. 1963ರಲ್ಲಿ ಅಮೆರಿಕದಲ್ಲಿ ಗುಂಡಿಯೊತ್ತುವ ದೂರವಾಣಿಯು ಬಳಕೆಗೆ ಬಂದಿತು. ಎರಡೂ ಫಲಕಗಳಲ್ಲಿ ಮೂರಕ್ಕೆ ಮೂರರ ಅದೇ ಚೌಕ, ಅವೇ ಒಂಬತ್ತು ಅಂಕೆಗಳು. ದೂರವಾಣಿಯಲ್ಲಿ ಮೇಲಿನಿಂದ ಮುಗಿದ ಸಾಲುಗಳನ್ನು ಮೂರರಿಂದ ಗುಣಿಸಬೇಕು. ಕ್ಯಾಲ್ಕ್ಯುಲೇಟರಿನಲ್ಲಿ ಕೆಳಗಿನಿಂದ ಮುಗಿದ ಸಾಲುಗಳನ್ನು ಗುಣಿಸಬೇಕು. ಸೊನ್ನೆಯಂತೂ ಎರಡರಲ್ಲಿಯೂ ಈ ಸೂತ್ರಕ್ಕೆ ಸಿಕ್ಕದೆ ಬೇರೆಯಾಗಿಯೇ ಉಳಿಯುತ್ತದೆ. ಒಬ್ಬ ವಿದ್ಯಾರ್ಥಿಯು ಈ ಎರಡು ಫಲಕಗಳನ್ನು ಪಕ್ಕಪಕ್ಕದಲ್ಲಿಟ್ಟುಕೊಂಡು ಅವುಗಳ ಭೇದವನ್ನು ತನ್ನ ಮಾತಿನಲ್ಲಿ ಹೇಳಬಲ್ಲನಾದರೆ ಅವನು ಈ ಪಾಠವನ್ನು ಕಲಿತನೆಂದು ನಾನು ಒಪ್ಪುತ್ತೇನೆ.

ಇನ್ನೊಂದು ನಿದರ್ಶನವು ಹಾವು ಏಣಿಯಾಟದ ಪಟ. ಅದರ ನೂರು ಮನೆಗಳಲ್ಲಿ ಒಂದು ಎಡಗೆಳಗಿನ ಮೂಲೆಯಲ್ಲಿರುತ್ತದೆ. ಮೊದಲ ಸಾಲು ಬಲಕ್ಕೆ ನಡೆದು ಹತ್ತರಲ್ಲಿ ಮುಗಿದರೆ ಹನ್ನೊಂದು ಅದರ ನೆತ್ತಿಯ ಮೇಲೆಯೇ ಕುಳಿತು, ಎರಡನೆಯ ಸಾಲು ಎಡಕ್ಕೆ ನಡೆಯುತ್ತದೆ. ನೂರನೆಯ ಮನೆಯು ಎಡಮೇಲಿನ ಮೂಲೆಯಲ್ಲಿ ಬರುವುದು ಇದರಿಂದಲೇ. ಹೊಲವನ್ನು ಉಳುವ ರೈತನು ಬದುವಿನ ಬಳಿ ಎತ್ತುಗಳನ್ನು ತಿರುಗಿಸಿಕೊಂಡು ಪಕ್ಕದ ಸಾಲನ್ನು ಹಿಡಿದು ಬರುವನಲ್ಲದೆ, ಬರಿಯ ನೇಗಿಲನ್ನು ಹೊತ್ತು ಹೊರಟ ಬದುವಿಗೆ ಮರಳುವುದಿಲ್ಲ. ಪ್ರಾಚೀನ ಗ್ರೀಕರ ಕೆಲವು ಶಾಸನಗಳು ಇದೇ ರೀತಿಯಲ್ಲಿ ಒಂದು ಸಾಲು ಬಲಕ್ಕೆ, ಮರುಸಾಲು ಎಡಕ್ಕೆ ಬರೆಯಲ್ಪಟ್ಟಿವೆ. ಆ ಬರವಣಿಗೆಗೆ ಗ್ರೀಕರಿತ್ತ ಹೆಸರೂ ‘ಎತ್ತು ತಿರುಗುವಂತೆ’ ಎಂಬ ಅರ್ಥದ್ದೇ. ಈ ಪಟಕ್ಕೆ ಪ್ರೋಗ್ರಾಮು ಬರೆಯಬೇಕಾದರೆ ಸುತ್ತುಗಳು ಹಾಗೆಯೇ ಇದ್ದು, ಮುಗಿದ ಸಾಲುಗಳ ಸಂಖ್ಯೆಯು ಬೆಸವಾಗಿದ್ದಾಗ ಮಾತ್ರ ಮನೆಗಳನ್ನು ಬಲದಿಂದ ಎಣಿಸಬೇಕಾಗುತ್ತದೆ. ಒಕ್ಕಲುತನದ ಮನೆಯಿಂದ ಬಂದ ಮಗುವಿಗೆ ಇದನ್ನು ವಿವರಿಸಲು ಪರದೇಶದ ಪುಸ್ತಕವು ಬೇಕೆ?

ಕನ್ನಡಿಗರಾದ ನಾವು ಈ ಸಂದರ್ಭದಲ್ಲಿ ಸ್ಮರಿಸಬೇಕಾದ ಗ್ರಂಥವೊಂದಿದೆ. ಕುಮುದೇಂದು ಮುನಿಯ ‘ಸಿರಿಭೂವಲಯ’ವು ಅಕ್ಷರಗಳಲ್ಲಿ ಅಲ್ಲದೆ ಅಂಕೆಗಳಲ್ಲಿ ರಚಿತವಾದ ಕೃತಿ. 27 ಅಡ್ಡಸಾಲು, 27 ಕಂಬಸಾಲುಗಳ, ಅಂದರೆ 729 ಮನೆಗಳ ಚಕ್ರಗಳಲ್ಲಿ 1ರಿಂದ 64ರವರೆಗಿನ ಅಂಕೆಗಳನ್ನು ತುಂಬಲಾಗಿದೆ. ಒಂದೊಂದು ಅಂಕೆಯೂ ಒಂದೊಂದು ಧ್ವನಿಗೆ ಸಂಕೇತ. ಕರ್ಲಮಂಗಲಂ ಶ್ರೀಕಂಠಯ್ಯನವರ ಪರಿಶ್ರಮದಿಂದ ಇದರ ಭಾಗವು 1953ರಲ್ಲಿ ಅಚ್ಚಾಯಿತು. ಈ ಚಕ್ರಗಳನ್ನು ಎಡದಿಂದ ಬಲಕ್ಕೆ ಸಾಲಾಗಿ ಓದಿದರೆ ಪದ್ಯವು ಹೊರಡದು. ‘ಬಂಧ’ವೆಂದು ಕರೆಯುವ ಗೊತ್ತಾದ ನಡೆಯಲ್ಲಿ ಮನೆಯಿಂದ ಮನೆಗೆ ಸಾಗಿದರೆ ಮಾತ್ರ ಹೊರಡುತ್ತದೆ. ಈ ಗ್ರಂಥವನ್ನು ಕುರಿತು ಅತಿಶಯೋಕ್ತಿಯ ಮಾತುಗಳನ್ನು ಆಡುವುದು ನನ್ನ ಉದ್ದೇಶವಲ್ಲ. ಅದನ್ನು ಕಂಪ್ಯೂಟರಿನ ಪೂರ್ವಜವೆಂದು ಘೋಷಿಸುವುದೂ ಅಲ್ಲ. ಮನೆಗಳು ಅವೇ ಇದ್ದರೂ ನಡೆಯು ಬದಲಾದರೆ ಅರ್ಥವೇ ಬದಲಾಗುತ್ತದೆ ಎಂಬ ಒಂದು ಸತ್ಯಕ್ಕೆ ನಮ್ಮ ಭಾಷೆಯಲ್ಲಿಯೇ ಇಂಥ ಸಾಕ್ಷಿಯಿದೆಯೆಂದು ಮಕ್ಕಳಿಗೆ ತಿಳಿಸಿದರೆ ಸಾಕು.

ಅಂಕೆಯಿಡುವುದರಷ್ಟೇ ಮುಖ್ಯವಾದುದು ಅಂಕೆಯಿಂದ ಮನೆಯನ್ನು ಹುಡುಕುವುದು. ಬಸ್ಸಿನ ಆಸನವನ್ನು ಕಾಯ್ದಿರಿಸುವವರು ಪರದೆಯ ಮೇಲೆ ಒಂದು ಚೌಕವನ್ನು ಮುಟ್ಟಿದಾಗ ಯಂತ್ರವು ಅದು ಯಾವ ಸಾಲಿನ ಎಷ್ಟನೆಯ ಆಸನವೆಂದು ತಿಳಿಯಬೇಕಷ್ಟೆ. ನಾವು ಮೊದಲು ನೋಡಿದ 24 ಗುಂಡಿಗಳಲ್ಲಿ 15ನೆಯದು ಎಲ್ಲಿದೆ? 15ರಿಂದ 1ನ್ನು ಕಳೆದು 6ರಿಂದ ಭಾಗಿಸಿದರೆ ಭಾಗಲಬ್ಧ 2, ಶೇಷ 2. ಆದುದರಿಂದ ಎರಡು ಸಾಲುಗಳು ಮುಗಿದು, ಮೂರನೆಯ ಸಾಲಿನಲ್ಲಿ ಎರಡು ಮನೆಗಳನ್ನು ದಾಟಿ, ಮೂರನೆಯ ಮನೆ. ಪ್ರಾಥಮಿಕ ಶಾಲೆಯಲ್ಲಿ ಭಾಗಾಕಾರದ ಕೊನೆಯಲ್ಲಿ ‘ಶೇಷ’ವೆಂದು ಬರೆದು ಮರೆತುಬಿಡುತ್ತಿದ್ದ ಸಂಖ್ಯೆಗೆ ಒಂದು ನೆಲೆಯಿದೆಯೆಂದು ಮಕ್ಕಳಿಗೆ ಹೊಳೆಯುವುದು ಇಂಥ ಸಂದರ್ಭದಲ್ಲಿ. ನನ್ನ ಮೂವತ್ತು ವರ್ಷಗಳಿಗೂ ಮೀರಿದ ಸೇವಾವಧಿಯಲ್ಲಿ ಶೇಷದ ಉಪಯೋಗವನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ಇನ್ನೊಂದು ಪಾಠವನ್ನು ನಾನು ಕಂಡಿಲ್ಲ.

ಈ ಮಾತುಗಳಿಗೆ ಆಕ್ಷೇಪಣೆಗಳು ಬರುವುದು ಸಹಜ. ಪಠ್ಯಕ್ರಮವು ದೊಡ್ಡದು, ಕಾಲವು ಅಲ್ಪ, ಪರೀಕ್ಷೆಯಲ್ಲಿ ಅಂಕ ಬರುವುದು ಪ್ರೋಗ್ರಾಮಿಗೆ ಹೊರತು ಚಿಂತನೆಗಲ್ಲ ಎಂಬುದು ಮೊದಲನೆಯದು. ಇದು ನಿಜ. ಆದರೆ ಬಾಯಿಪಾಠದಿಂದ ಉಳಿಸಿದ ಒಂದು ಗಂಟೆಯನ್ನು ಮುಂದೆ ತಪ್ಪುಗಳನ್ನು ಹುಡುಕುವುದರಲ್ಲಿ ಹತ್ತು ಗಂಟೆಗಳಾಗಿ ತೆರಬೇಕಾಗುವುದೂ ನಿಜ. ಎರಡನೆಯ ಆಕ್ಷೇಪಣೆಯು ಈಚಿನದು. ಬೇಕಾದುದನ್ನು ಮಾತಿನಲ್ಲಿ ಕೇಳಿದರೆ ಇಂದು ಯಂತ್ರವೇ ಪ್ರೋಗ್ರಾಮನ್ನು ಬರೆದುಕೊಡುತ್ತಿರುವಾಗ ಮಕ್ಕಳು ಇದನ್ನೇಕೆ ಕಲಿಯಬೇಕೆಂದು ಕೆಲವು ಪೋಷಕರು ಕೇಳುತ್ತಾರೆ. ಇದಕ್ಕೆ ನನ್ನ ಉತ್ತರವಿಷ್ಟೆ. ಯಂತ್ರವು ಬರೆದುಕೊಟ್ಟುದು ಸರಿಯೋ ತಪ್ಪೋ ಎಂದು ತೂಗಿ ನೋಡುವವನು ಯಾರು? ನಾಲ್ಕಕ್ಕೆ ನಾಲ್ಕರ ಚೌಕದಲ್ಲಿ ಸರಿಯಾಗಿ ಕಂಡುದನ್ನು ನಾಲ್ಕಕ್ಕೆ ಆರರಲ್ಲಿ ಒರೆಹಚ್ಚಬೇಕೆಂದು ಅವನಿಗೆ ತೋಚಬೇಕಾದರೆ ಅವನು ಮೊದಲು ಸ್ವತಃ ಮನೆಗಳನ್ನು ಎಣಿಸಿದವನಾಗಿರಬೇಕು. ಕೂಲಿಯಾಳನ್ನು ಇಟ್ಟುಕೊಂಡವನಿಗೂ ಬೇಸಾಯ ತಿಳಿದಿರಬೇಕು.

2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಪ್ರೋಗ್ರಾಮು ಬರೆಯುವ ಚಟುವಟಿಕೆಗಳನ್ನು ಮಾಧ್ಯಮಿಕ ಹಂತದಲ್ಲಿಯೇ ಆರಂಭಿಸಬೇಕೆಂದು ಸೂಚಿಸಿತು. ಆ ಎಳೆಯ ವಯಸ್ಸಿನಲ್ಲಿ ಮಕ್ಕಳ ಮುಂದೆ ಏನನ್ನು ಇಡಬೇಕೆಂಬ ವಿಚಾರದಲ್ಲಿ ನಾನು ಕೆಲವು ಸಲಹೆಗಳನ್ನು ವಿನಯಪೂರ್ವಕವಾಗಿ ಮುಂದಿಡುತ್ತೇನೆ. ಪ್ರತಿ ವಿದ್ಯಾರ್ಥಿಯೂ ಯಂತ್ರದ ಮುಂದೆ ಕೂಡುವ ಮೊದಲು ಚೌಕುಳಿ ಪುಸ್ತಕದಲ್ಲಿ ಕೈಯಾರೆ ಮನೆಗಳಿಗೆ ಅಂಕೆಯಿಡಲಿ. ಅಡ್ಡಲಾಗಿ, ಕಂಬವಾಗಿ, ಎತ್ತು ತಿರುಗಿದಂತೆ, ಮೂರು ವಿಧದಲ್ಲಿಯೂ ಇಡಲಿ. ತಾನು ಅನುಸರಿಸಿದ ನಿಯಮವನ್ನು ಶುದ್ಧ ಕನ್ನಡದ ಎರಡು ವಾಕ್ಯಗಳಲ್ಲಿ ಬರೆಯಲಿ. ಆ ವಾಕ್ಯಗಳಿಗೂ ನಾವು ಅಂಕಗಳನ್ನು ಕೊಡೋಣ. ಸಾಲುಗಳ ಸಂಖ್ಯೆಯೂ ಕಂಬಗಳ ಸಂಖ್ಯೆಯೂ ಬೇರೆ ಬೇರೆಯಾಗಿರುವ ಒಂದು ಲೆಕ್ಕವಾದರೂ ಪ್ರತಿ ಅಭ್ಯಾಸದಲ್ಲಿಯೂ ಇರಲಿ.

ದಾನಿಗಳಲ್ಲಿಯೂ ಹಳೆಯ ವಿದ್ಯಾರ್ಥಿಗಳಲ್ಲಿಯೂ ನನ್ನದೊಂದು ಅರಿಕೆಯಿದೆ. ತಾವು ಕೊಡಿಸಿದ ಯಂತ್ರಗಳಿಗಾಗಿ ಶಾಲೆಯು ಕೃತಜ್ಞವಾಗಿದೆ; ಹಳ್ಳಿಯ ಮಕ್ಕಳು ಅವನ್ನು ಮುಟ್ಟಿ ನೋಡುವ ಭಾಗ್ಯ ಪಡೆದುದು ತಮ್ಮಿಂದಲೇ. ಆದರೆ ಶಾಲೆಯ ಪ್ರಗತಿಯನ್ನು ಯಂತ್ರಗಳ ಸಂಖ್ಯೆಯಿಂದ ಅಳೆಯದಿರಿ. ಯಂತ್ರಕ್ಕೆ ಕೊಡುವ ಹಣದಲ್ಲಿ ಒಂದು ಪಾಲನ್ನು ಶಿಕ್ಷಕರ ತರಬೇತಿಗೂ, ಒಂದು ಪಾಲನ್ನು ಚೌಕುಳಿ ಪುಸ್ತಕಗಳಿಗೂ ಮೀಸಲಿಡಿ. ತಾಂತ್ರಿಕ ವೃತ್ತಿಯಲ್ಲಿರುವ ಹಳೆಯ ವಿದ್ಯಾರ್ಥಿಗಳು ವರ್ಷಕ್ಕೊಂದು ದಿನ ಬಂದು, ತಮ್ಮ ಕೆಲಸದಲ್ಲಿ ಇಂಥ ಸಣ್ಣ ತಪ್ಪು ಎಂಥ ತೊಡಕನ್ನು ತಂದಿತೆಂಬುದನ್ನು ಮಕ್ಕಳಿಗೆ ಹೇಳಿದರೆ ಅದಕ್ಕಿಂತ ದೊಡ್ಡ ದೇಣಿಗೆ ಇಲ್ಲ.

ಕೊನೆಯದಾಗಿ ಆ ಬಾಲಕನ ವಿಚಾರ. ಅಂದು ನಾನು ಅವನಿಗೆ ಸೂತ್ರವನ್ನು ತಿದ್ದಿಕೊಡಲಿಲ್ಲ. ಅಂಗಳಕ್ಕೆ ಕರೆದುಕೊಂಡು ಹೋಗಿ ಸೀಮೆಸುಣ್ಣದಿಂದ 4 ಸಾಲು, ಸಾಲಿಗೆ 6ರಂತೆ ಮನೆಗಳನ್ನು ಬರೆಸಿದೆ. ಮೊದಲ ಸಾಲನ್ನು ನಡೆದು ಎರಡನೆಯ ಸಾಲಿನ ಮೊದಲ ಮನೆಯಲ್ಲಿ ನಿಲ್ಲೆಂದೆ. ‘ಎಷ್ಟು ಮನೆ ಬಿಟ್ಟು ಬಂದೆ?’ ಎಂದು ಕೇಳಿದೆ. ‘ಆರು, ಸರ್.’ ಮೂರನೆಯ ಸಾಲಿನಲ್ಲಿ ನಿಂತು ‘ಹನ್ನೆರಡು’ ಎಂದನು. ನಾಲ್ಕನೆಯ ಸಾಲಿಗೆ ಕಾಲಿಡುವ ಮೊದಲೇ ತಿರುಗಿ ನೋಡಿ, ‘ಸರ್, ಎಷ್ಟು ಸಾಲಿವೆ ಅನ್ನೋದು ಬೇಕಾಗೇ ಇಲ್ಲ, ಒಂದು ಸಾಲಿನಲ್ಲಿ ಎಷ್ಟು ಮನೆ ಅನ್ನೋದೇ ಬೇಕು’ ಎಂದು ಕೂಗಿ ಕೊಠಡಿಗೆ ಓಡಿದನು. ನಾನು ಹಿಂದಿನಿಂದ ಹೋಗುವಷ್ಟರಲ್ಲಿ ಪರದೆಯ ಮೇಲೆ 24 ಗುಂಡಿಗಳೂ ತಂತಮ್ಮ ಅಂಕೆಗಳೊಡನೆ ನಿಂತಿದ್ದವು. ಅವನು ಆಗಲೇ ಪಕ್ಕದ ಹುಡುಗನಿಗೆ ಅದನ್ನು ವಿವರಿಸತೊಡಗಿದ್ದನು. ಅಂಗಳದಲ್ಲಿ ಕಳೆದುದು ಹತ್ತು ನಿಮಿಷ. ಖರ್ಚಾದುದು ಒಂದು ಸೀಮೆಸುಣ್ಣ. ಅಂಥ ಹತ್ತು ನಿಮಿಷಗಳನ್ನು ಪ್ರತಿ ಮಗುವಿಗೂ ಒದಗಿಸುವುದು ನಮ್ಮ ಶಾಲೆಯ ಮುಂದಿನ ವರ್ಷದ ಸಂಕಲ್ಪವಾಗಲಿ ಎಂದು ಹಾರೈಸಿ ಈ ಲೇಖನವನ್ನು ಮುಗಿಸುತ್ತೇನೆ.